ನಾಲ್ಕು ಖೋಲಿಯ ಕಂಪ್ಯೂಟರ್

೧.
ಈ ಕಥೆಯನ್ನು ಎಲ್ಲಿಂದ ಹಿಡಿಯಲಿ? ಕಂಪ್ಯೂಟರ್‌ನಿಂದ ಹಿಡಿದರೆ ನಿಮಗೆ ಆಕಳಿಕೆ ಬರುತ್ತದೆ. ಜಗಳದಿಂದ ಹಿಡಿದರೆ ಕಿವಿ ನಿಮಿರುತ್ತದೆ, ನನಗೆ ಗೊತ್ತಿಲ್ಲವೇ? ಸರಿ, ಜಗಳ.

೨೦೦೩. ಕಮಲಾಪುರದ ಖಂಡೆಪ್ಪ ಅಣ್ಣ, ಮರೆಪ್ಪ ತಮ್ಮ. ಕಲಬುರಗಿಯ ಶಹಾಬಜಾರದಲ್ಲಿ ಇಬ್ಬರಿಗೂ ಸೇರಿ ಒಂದು ಟೈಪಿಂಗ್ ಅಂಗಡಿ, ಒಂದೇ ಕಂಪ್ಯೂಟರ್. ಯಾಕೆ ಜಗಳವಾಡಿದರು? (ಮೂರು ಕಾರಣ ಬರೆದು ಹೊಡೆದುಹಾಕಿದೆ. ಮೂರೂ ಸುಳ್ಳು. ಒಂದಂತೂ ಬಹಳ ಚೆನ್ನಾಗಿತ್ತು.) ಮೂರು ತಿಂಗಳಿಂದ ಮಾತು ಬಿಟ್ಟಿದ್ದರು, ಅಷ್ಟು ಸಾಕು.

ಪಾಲು ಮಾಡಲು ಸೋದರಮಾವ ಅಣವೀರಪ್ಪ ಬಂದರು. ಮೇಜು ಒಬ್ಬನಿಗೆ, ಕುರ್ಚಿ ಒಬ್ಬನಿಗೆ ಆಯಿತು. ಕಂಪ್ಯೂಟರನ್ನು ಕೊಯ್ಯಲು ಬರುವುದಿಲ್ಲವಲ್ಲ! ಆಗ, ಅದಕ್ಕೆ ಲಿನಕ್ಸ್ ಹಾಕಿಕೊಟ್ಟಿದ್ದ ಸಿಕಂದರ್ ಪರದೆಯ ಕೆಳಗಿನ ನಾಲ್ಕು ಸಣ್ಣ ಚೌಕ ತೋರಿಸಿದ. ಒಂದೊಂದು ಒತ್ತಿದರೆ ಒಂದೊಂದು ಡೆಸ್ಕ್‌ಟಾಪ್. ಒಂದರಲ್ಲಿ ತೆರೆದಿಟ್ಟ ವಿಂಡೋ ಇನ್ನೊಂದರಲ್ಲಿ ಕಾಣುವುದಿಲ್ಲ. ಮಾವನ ಮುಖ ಅರಳಿತು.

“ನಾಕು ಖೋಲಿ ಮನಿ ಇದು. ಮುಂದಿನ ಎರಡು ಖಂಡೆಪ್ಪಂದು, ಹಿಂದಿನ ಎರಡು ಮರೆಪ್ಪಂದು. ಒಬ್ಬರ ಖೋಲ್ಯಾಗ ಇನ್ನೊಬ್ಬರು ಕಾಲಿಡಬಾರದು.”

ಪಾಲುಪತ್ರಕ್ಕೆ ಇಬ್ಬರೂ ಸಹಿ ಹಾಕಿದರು. ಖಂಡೆಪ್ಪ ತನ್ನ ಖೋಲಿಗಳಿಗೆ ಹಸಿರು ಬಣ್ಣ ಬಳಿದ, ಮರೆಪ್ಪ ನೀಲಿ. ಮುಂಜಾನೆ ಅಣ್ಣನ ಪಾಳಿ, ಮಧ್ಯಾಹ್ನ ತಮ್ಮನದು.

(ಇದು ನಡೆದದ್ದೇ ಎನ್ನುತ್ತೀರಾ? ನಡೆಯದಿದ್ದರೆ ಸಹಿ ಯಾಕೆ ಹಾಕಿಸುತ್ತಿದ್ದರು?)

೨.
ಒಂದು ಮಧ್ಯಾಹ್ನ ಮರೆಪ್ಪ ಮೂರನೇ ಖೋಲಿಯಲ್ಲಿ ಕಾಲೇಜಿನ ಜಾಹೇದಾಳ ಪ್ರಾಜೆಕ್ಟ್ ಟೈಪ್ ಮಾಡುತ್ತಿದ್ದ. ನಾಲ್ಕು ಗಂಟೆಯೊಳಗೆ ಕೊಡಬೇಕು. ಒಂದಕ್ಷರ ಒತ್ತಿ, ಕಮಲಾಪುರಕ್ಕೆ ಬಸ್ಸಿನಲ್ಲಿ ಹೋಗಿ, ಕೆಂಪು ಬಾಳೆಹಣ್ಣು ತಿಂದು ಬಂದರೆ ಆಗ ಆ ಅಕ್ಷರ ಪರದೆಯ ಮೇಲೆ ಬೀಳುತ್ತಿತ್ತು. ಅಣ್ಣ ತನ್ನ ಖೋಲಿಯಲ್ಲಿ ಏನೇನೋ ತೆರೆದಿಟ್ಟು ಹೋಗಿದ್ದಾನೆ! ಖೋಲಿ ನಾಲ್ಕಾದರೂ ಯಂತ್ರದ ದಮ್ಮು ಒಂದೇ. ಅದನ್ನು ಪಾಲು ಮಾಡಲು ಮಾವ ಮರೆತಿದ್ದರು.

ಜಾಹೇದಾ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದಳು. ಮರೆಪ್ಪ ಪರದೆಯ ಕಡೆ ಬಾಗಿ “ಅಣ್ಣಾ, ಬರ್ಲೇನು?” ಎಂದು ಮೂರು ಸಲ ಕೂಗಿದ. ಚಪ್ಪಲಿ ಬಿಟ್ಟು, ಎರಡನೇ ಚೌಕ ಒತ್ತಿದ.

೩.
ಅಲ್ಲಿ ಏನಿಡಲಿ? ತಮ್ಮನ ನೆನಪಿನಲ್ಲಿ ಅಣ್ಣ ಅರ್ಧ ಬರೆದ ಪತ್ರ ಇಟ್ಟೆ. ನನಗೇ ಕಣ್ಣೀರು ಬಂತು. ಮರೆಪ್ಪ ಒಪ್ಪಲಿಲ್ಲ.

“ನಮ್ಮಣ್ಣ ಕಿರಾಣಿ ಚೀಟಿನೂ ಬರಿಯಂಗಿಲ್ರಿ. ಖರೇ ಏನದ ಅದನ್ನ ಇಡ್ರಿ.”

ಖರೇ ಇದ್ದದ್ದು ಒಬ್ಬನೇ ಕೂತು ಆಡುವ ಇಸ್ಪೀಟು. ನಲವತ್ತು ವಿಂಡೋ, ನಲವತ್ತೂ ಮುಂದೆ ಸಾಗದೆ ನಿಂತ ಆಟ. ಸೋತೆನೆಂದು ಒಪ್ಪಲಾಗದೆ ಹಳೆಯದನ್ನು ಮುಚ್ಚದೆ ಹೊಸದನ್ನು ತೆರೆದಿದ್ದ. ತಮ್ಮ ಆಟವಾಡಿಯೇ ಅಂಗಡಿ ಕೆಡಿಸಿದನೆಂದು ಊರಿಗೆಲ್ಲ ಹೇಳಿದ್ದವನೂ ಇವನೇ.

ಮರೆಪ್ಪ ಮೂವತ್ತೊಂಬತ್ತು ಮುಚ್ಚಿದ. ಕೊನೆಯದರಲ್ಲಿ ಕಪ್ಪು ಒಂಬತ್ತು ಕೆಂಪು ಹತ್ತರ ಮೇಲೆ ಕೂರುವಂತಿತ್ತು. ಕೈ ಸುಮ್ಮನಿರಲಿಲ್ಲ, ಕೂರಿಸಿದ. ಜಾಹೇದಾ ಸಮಯಕ್ಕೆ ಸರಿಯಾಗಿ ಪ್ರಾಜೆಕ್ಟ್ ಒಯ್ದಳು.

೪.
ಸಂಜೆ ಬೀಗ ಹಾಕಲು ಬಂದ ಖಂಡೆಪ್ಪ ತನ್ನ ಖೋಲಿಯಲ್ಲಿ ಒಂದೇ ಆಟ ಉಳಿದದ್ದನ್ನು ನೋಡಿದ. ಬೈಯಬೇಕು, ಬೈಯಬೇಕೆಂದರೆ ಮಾತಾಡಬೇಕು! ಇಷ್ಟು ದಿನ ಇವರ ಮಾತು ಅತ್ತಿತ್ತ ಒಯ್ಯುತ್ತಿದ್ದ ಸಿಕಂದರ್ ಅಂದು ಕುಸನೂರಿಗೆ ಹೋಗಿದ್ದ. ಇಬ್ಬರೂ ಕಥೆ ಬರೆಯುತ್ತಿದ್ದ ನನ್ನ ಕಡೆ ತಿರುಗಿದರು.

“ಹೇಳ್ರಿ ಅವಗ, ಖೋಲ್ಯಾಗ ಬರಾಂವ ಕೂಗಿ ಬರಬೇಕು.”

“ಹೇಳ್ರಿ ಅಣ್ಣಗ, ಮೂರು ಸಲ ಕೂಗೀನಿ. ಚಪ್ಪಲಿನೂ ಹೊರಗ ಬಿಟ್ಟಿದ್ದೆ.”

ಖಂಡೆಪ್ಪ ಪರದೆಯ ಕಡೆ ಬಾಗಿದ.

“ಕೇಳ್ರಿ ಅವಗ, ಆ ಒಂಬತ್ತು ಅವಗ ಹ್ಯಾಂಗ ಕಾಣ್ತು? ನಾ ಮುಂಜಾನಿಂದ ಹುಡುಕಾಕತ್ತಿದ್ದೆ.”

“ಹೇಳ್ರಿ, ಇನ್ನೊಂದೂ ಅದ. ಎಡಕ್ಕ ನೋಡಂತ ಹೇಳ್ರಿ.”

ನನ್ನ ಕುತ್ತಿಗೆ ನೋಯತೊಡಗಿತು.

೫.
ಜೇಬಿನಲ್ಲಿ ಎರಡು ಅಂತ್ಯ ತಂದಿದ್ದೆ. ಒಂದರಲ್ಲಿ ಇಬ್ಬರೂ ತಬ್ಬಿಕೊಂಡು ಅಳುತ್ತಾರೆ. ಅದನ್ನು ಓದಿ ಖಂಡೆಪ್ಪ ನಕ್ಕ. ಇನ್ನೊಂದರಲ್ಲಿ ಮಾವ ಎರಡನೇ ಕಂಪ್ಯೂಟರ್ ಕೊಡಿಸುತ್ತಾರೆ, ಆಮೇಲೆ ಈ ಜನ್ಮದಲ್ಲಿ ಇವರು ಮಾತಾಡುವ ಕಾರಣವೇ ಉಳಿಯುವುದಿಲ್ಲ. ಅದನ್ನು ಓದಿ ಇಬ್ಬರೂ ಕಾಗದವನ್ನು ನನ್ನ ಕೈಗೇ ವಾಪಸು ತುರುಕಿದರು. ಎರಡನ್ನೂ ಹರಿದೆ.

ನಾನು ಪೆನ್ನು ಮುಚ್ಚುವುದನ್ನು ಕಂಡು ಮರೆಪ್ಪ ಗಾಬರಿಯಾದ.

“ನೀವು ಹ್ವಾದ್ರ ಅಣ್ಣಗ ಯಾರ ಕೈಲಿ ಹೇಳ್ಸಲ್ರಿ?”

ಅದಕ್ಕೇ ಎದ್ದೆ. ನೀವೂ ಏಳಿ, ಓದುಗರೇ. ನೀವು ಕೂತಿದ್ದರೆ ನಿಮ್ಮ ಕೈಲಿ ಹೇಳಿಸಿಯಾರು. ಬಾಗಿಲನ್ನು ಸಪ್ಪಳವಾಗದಂತೆ ಎಳೆದುಕೊಂಡು ಬನ್ನಿ.