ಹೊಲಿದ ಬಾಗಿಲು

ರತ್ನ ಬಾವಿಕಟ್ಟೆಯ ಹತ್ತಿರ ಪಾತ್ರೆ ತಿಕ್ಕುತ್ತಿದ್ದಳು. ಅರ್ಧ ಪಾತ್ರೆ ಇನ್ನೂ ಬಾಕಿ ಇತ್ತು. ಅಷ್ಟರಲ್ಲಿ ಬೇಲಿಯಾಚೆಯಿಂದ ಕರೆ ಬಂತು.

“ಹ್ವಾಯ್ ರತ್ನಕ್ಕ! ನಾಳೆ ಮೀನುಗಾರಿಕೆ ಇಲಾಖೆಯವ್ರ್ ಬಲಿ ಕಾಂಬುಕೆ ಬತ್ರಂಬ್ರ್!”

ಕರೆದವಳು ವಿನಯಾ. ಕಿರಿಮಂಜೇಶ್ವರದ ಮೀನುಗಾರರಿಗೆ ಸರಕಾರದ ವಿಷಯ ತಿಳಿಸುವ ಸಾಗರಮಿತ್ರೆ.

ಬಲಿ ಎಂದರೆ ಬಲೆ. ರತ್ನ ತಿರುಗಿ ಅಂಗಳ ನೋಡಿದಳು. ಅಂಗಳದಲ್ಲಿ ಹರಡಿದ್ದದ್ದು ಚಟ್ಲಿಯ ಬಲೆ. ಪುಸ್ತಕದ ಮಾತಿನಲ್ಲಿ ಸಿಗಡಿ ಬಲೆ. ಅದರ ಕುತ್ತಿಗೆಯಲ್ಲಿ ಕಂಬಿಯ ಚೌಕಟ್ಟು. ಪಕ್ಕದಲ್ಲೇ, ಒಳಗೆ ಸಿಕ್ಕಿದ ಆಮೆ ಹೊರಗೆ ಹೋಗಲೆಂದು ಬಿಟ್ಟ ಬಾಗಿಲು. ಆ ಬಾಗಿಲನ್ನು ಗಂಡ ದೇವು ನಿನ್ನೆ ಹುರಿಯಿಂದ ಹೊಲಿದು ಮುಚ್ಚಿದ್ದ. ಹುರಿ ಹಿಡಿದು ಕೂತವಳು ಮಗಳು ನವ್ಯಾ. ಆಗಿನಿಂದ ಆ ಮಗು ಏನೋ ಕೇಳಲು ಬಾಯಿ ತೆರೆಯುತ್ತದೆ, ಅಪ್ಪನ ಮುಖ ಕಂಡು ಸುಮ್ಮನಾಗುತ್ತದೆ.

ವಿನಯಾ ಒಳಗೆ ಬಂದವಳೇ ಹೊಲಿಗೆ ಕಂಡು, ಬಲೆಯ ಪಕ್ಕ ಕೂತಿದ್ದ ದೇವುವಿನತ್ತ ತಿರುಗಿದಳು. “ಇದೆಂತ ದೇವಣ್ಣ?”

“ಬಾಗ್ಲ್ ತೆರ್ದಿಟ್ರೆ ಚಟ್ಲಿ ಎಲ್ಲ ಹೊರ್ಗ್ ಹೋತ್ತ್. ಆಮೆ ಉಳ್ಸುಕೆ ಹೋಯಿ ನಮ್ ಹೊಟ್ಟಿ ಖಾಲಿ ಮಾಡ್ಕಂಬುದಾ?”

“ಚಟ್ಲಿ ಸಣ್ಣದ್ ಮಾರಾಯ್ರೆ. ಕಂಬಿ ಎಡೆಯಂಗೆ ನುಗ್ಗಿ ಹಿಂದಿನ ಚೀಲಕ್ಕೆ ಹೋತ್ತ್. ಆಮೆ ದೊಡ್ಡದ್. ಕಂಬಿಗೆ ತಾಗಿ ಬಾಗ್ಲಿಗೆ ತಿರುಗ್ತ್. ನಮ್ಮೂರಿನ ರಾಜೇಂದ್ರಣ್ಣನ ಬೋಟಂಗೆ ಈ ಬಾಗ್ಲ್ ಹಾಕಿ ಕಂಡಿದ್ರ್. ಚಟ್ಲಿ ತಪ್ಪಿ ಹೋದ್ದ್ ಸ್ವಲ್ಪವೇ ಅಂಬ್ರ್.”

“ಅದೆಲ್ಲ ಇರ್ಲಿ. ಈ ಬಾಗ್ಲ್ ಅಮೆರಿಕದವ್ರ್ ಹೇಳಿದ್ದ್ ಅಂಬ್ರ್. ಅವ್ರಿಗೆ ನಮ್ ಬಲಿ ಮೇಲೆ ಎಂತಕೆ ಕಣ್ಣ್?”

“ನಮ್ ದೇಶದಿಂದ ಹೊರ್ಗ್ ಹೋಪ ಮೀನಂಗೆ ಚಟ್ಲಿಯೇ ಮುಂದೆ. ತುಂಬ ತಕಂಬುದ್ ಅಮೆರಿಕ. ಆಮೆಗೆ ದಾರಿ ಇಲ್ದಿದ್ ಬಲಿಯ ಚಟ್ಲಿ ಬ್ಯಾಡ ಅಂತ ಅವ್ರ ಕಾನೂನ್. ಹಾಂಗಾಯಿ ಕೆರೆಯಂಗೆ ಸಾಕಿದ್ ಚಟ್ಲಿ ಹಡಗ್ ಹತ್ತತ್ತ್, ನಮ್ ಕಡಲಂಗೆ ಹಿಡ್ದದ್ದ್ ದಡದಂಗೆ ಉಳಿತ್ತ್. ನಿಮ್ ಬಲಿ ಒಂದೇ ಅಲ್ಲ, ಇಡೀ ದೇಶದ ಬಲಿ ಸರಿ ಇರ್ಕ್.”

ದೇವು ಗಡ್ಡ ಕೆರೆದುಕೊಂಡ. “ನಾಳೆ ಅವ್ರ್ ಬಪ್ಪತ್ತಿಗೆ ಬಿಚ್ತೆ. ಹೋದ್ಮೇಲೆ ಹೊಲಿತೆ. ಆಯ್ತಲ್ಲ?”

ಈಗ ರತ್ನ ಸೆರಗಿನಿಂದ ಕೈ ಒರೆಸುತ್ತ ಎದ್ದು ಬಂದಳು. “ನಾನ್ ಮೀನ್ ಬುಟ್ಟಿ ಇಳ್ಸಿರೆ ಜನ ಮೊದ್ಲ್ ಮೀನಿನ ಕಿವಿ ಎತ್ತಿ ತಾಜಾ ಇತ್ತಾ ಅಂತ ಕಾಂತ್ರ್. ಕೆಂಪಿದ್ರೆ ಮಾತ್ರ ತಕಂತ್ರ್. ನಾನ್ ಸಿಟ್ಟ್ ಮಾಡ್ತ್ನಾ? ನೀವ್ ಹೇಳುದ್ ಕಂಡ್ರೆ, ಹಳ್ಸಿದ್ ಮೀನಿನ ಕಿವಿಗೆ ಬಣ್ಣ ಬಳ್ದ್ ಮಾರಿದ್ಹಾಂಗೆ ಆಯ್ತ್!”

ವಿನಯಾ ನಕ್ಕಳು. ದೇವುವಿಗೂ ನಗು ತಡೆಯಲಾಗಲಿಲ್ಲ. “ಚೂರಿ ತಾ ಮಗಾ,” ಎಂದ.

ನವ್ಯಾ ತಂದ ಚೂರಿಗೆ ಹೊಲಿಗೆ ಒಂದೊಂದಾಗಿ ಕಡಿಯಿತು. ರತ್ನಳ ಎದೆ ಹಗುರಾಯಿತು. ನಾಳೆ ಯಾರು ಬಂದರೂ ಈ ಅಂಗಳದಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ.

ಬೋಟಿನ ಅಣ್ಣಂದಿರೇ, ಬುಟ್ಟಿ ಹೊರುವ ಅಕ್ಕಂದಿರೇ, ನಿಮ್ಮ ಸಿಗಡಿ ಬಲೆಗೂ ಆಮೆಯ ಬಾಗಿಲು ಹಾಕಿಸಿ. ಹಾಕಿಸಿದ್ದನ್ನು ಹೊಲಿಯಬೇಡಿ. ಅನುಮಾನವಿದ್ದರೆ ಹತ್ತಿರದ ಮೀನುಗಾರಿಕೆ ಕಚೇರಿಯಲ್ಲಿ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ನವ್ಯಾಳಿಗೂ ಈಗ ಸಂಕೋಚ ಉಳಿದಿರಲಿಲ್ಲ. ಪಕ್ಕದ ಅಂಗಳದಲ್ಲಿ ಮುದುಕ ಗಣಪ ತನ್ನ ಬಲೆಯ ಬಾಗಿಲಿನ ಮುಂದೆ ಕೂತು ಸೂಜಿಗೆ ಹುರಿ ಪೋಣಿಸುತ್ತಿದ್ದ. ಅವಳು ಬೇಲಿಯವರೆಗೆ ಓಡಿದಳು. ನಿನ್ನೆಯಿಂದ ನುಂಗಿಕೊಂಡಿದ್ದ ಮಾತನ್ನು ಕೇರಿಗೆಲ್ಲ ಕೇಳುವಂತೆ ಕೇಳಿಯೇಬಿಟ್ಟಳು:

“ಗಣಪಜ್ಜಾ, ಅದ್ ಆಮೆ ಹೋಪುಕೆ ಇಟ್ಟ ಬಾಗ್ಲ್ ಅಲ್ದಾ? ಮತ್ತೆ ಹೊಲಿಯುದ್ ಎಂತಕೆ?”