ಬಲಗಡೆಯ ಹೂ

ಅಮೋಗಸಿದ್ಧನ ವಸ್ತಿಯಲ್ಲಿ ಬೆಳಗಾಗುವುದು ಕುರಿಗಳ ಗದ್ದಲದಿಂದ. ಆಮೇಲೆ ಅವನ ತಾಯಿ ಜನಾಬಾಯಿಯ ಕೆಮ್ಮು, ಅದರ ಹಿಂದೆಯೇ ಹೆಂಡತಿ ಸಕ್ಕುಬಾಯಿ ರೊಟ್ಟಿ ಬಡಿಯುವ ಸಪ್ಪಳ. ಅಕ್ಕಲಕೋಟದಿಂದ ಸೋಲಾಪುರಕ್ಕೆ ಹೋಗುವ ರಸ್ತೆಯ ಪಕ್ಕ ಒಂದು ಪತ್ರಾಸ್ ತಗಡಿನ ಮನೆ, ಕುರಿಹಟ್ಟಿ, ಅಂಗಳದ ತುದಿಗೆ ಬೇವಿನ ಮರ. ಮರದ ಬುಡದಲ್ಲಿ ಮನೆದೇವರು ಬೀರೋಬಾನ ಪುಟ್ಟ ಗುಡಿ.

ಸಕ್ಕುಬಾಯಿ ಮಾತು ಬಿಟ್ಟು ಎರಡು ವರ್ಷದ ಮೇಲಾಗಿದೆ. ಮೂಕಿಯಲ್ಲ. ಉಪ್ಪು ಕೇಳಿದರೆ ಉಪ್ಪು ಕೊಡುತ್ತಾಳೆ, ನೀರು ಕೇಳಿದರೆ ನೀರು. ಹಿರಿಯ ಮಗಳು ಭಕ್ತಿ ತೀರಿಕೊಂಡ ಸುದ್ದಿ ಬಂದಾಗಲೂ ಅವಳು ಅತ್ತದ್ದನ್ನು ಯಾರೂ ನೋಡಲಿಲ್ಲ. ಹಿಟ್ಟಿನ ಕೈಯನ್ನು ತೊಳೆದುಕೊಂಡು, ಒಲೆ ಆರಿಸಿ, ಸೀರೆ ಬದಲಿಸಿ ಹೊರಟಿದ್ದಳು. ಗಟ್ಟಿ ಹೆಂಗಸು ಎಂದು ನೆರೆಯವರು ಹೊಗಳಿದರು.

ಈ ಮನೆಯಲ್ಲಿ ದೊಡ್ಡ ಕೆಲಸಕ್ಕೆಲ್ಲ ಹೂ ಕೇಳುವ ಪದ್ಧತಿ. ಅಮಾವಾಸ್ಯೆಯ ಬೆಳಿಗ್ಗೆ ಅರಿಸಿನದ ಭಂಡಾರವನ್ನು ನೀರಲ್ಲಿ ಕಲಸಿ, ದೇವರ ಎಡಬಲಕ್ಕೆ ಒಂದೊಂದು ಚೆಂಡುಹೂ ಅಂಟಿಸುತ್ತಾರೆ. ಬಲಗಡೆಯ ಹೂ ಮೊದಲು ಬಿದ್ದರೆ ಆಗಲಿ ಎಂದರ್ಥ, ಎಡಗಡೆಯದು ಬಿದ್ದರೆ ಬೇಡ. ಎರಡೂ ಬೀಳದಿದ್ದರೆ ದೇವರು ಮಾತಾಡಲಿಲ್ಲ, ಮುಂದಿನ ಅಮಾವಾಸ್ಯೆಯವರೆಗೆ ಕಾಯಬೇಕು. ಕೇಳಲು ಎಷ್ಟು ಸಾಧು ಪದ್ಧತಿ! ಇದರಿಂದ ಯಾರ ಮನೆ ಹಾಳಾದೀತು ಎನ್ನುವವರು ಭಕ್ತಿಯ ಕಥೆ ಕೇಳಬೇಕು.

ಬಾರಾವಿ, ಎಂದರೆ ಹನ್ನೆರಡನೇ ತರಗತಿ, ಮುಗಿದಾಗ ಭಕ್ತಿಗೆ ಶಿಕ್ಷಕಿಯಾಗುವ ಆಸೆಯಿತ್ತು. ಹೂ ಕೇಳಿದರು, ಎರಡೂ ಅಲುಗಲಿಲ್ಲ. ಮುಂದಿನ ಅಮಾವಾಸ್ಯೆಗೂ ಅಲುಗಲಿಲ್ಲ. ಅಷ್ಟರಲ್ಲಿ ಪ್ರವೇಶದ ದಿನ ದಾಟಿತು, ಮಂಗಳವೇಢೆ ಕಡೆಯಿಂದ ಸಂಬಂಧ ಬಂತು. ಆ ಸಲ ಮಾತ್ರ ಬಲಗಡೆಯ ಹೂ ಥಟ್ಟನೆ ಬಿತ್ತು. ಮದುವೆಯಾಗಿ ವರ್ಷ ತುಂಬುವುದರೊಳಗೆ ಹೆರಿಗೆ. ಗಂಡನ ಮನೆಯೂ ಇಂಥದೇ ಭಕ್ತರ ಮನೆ. ರಕ್ತ ನಿಲ್ಲದೆ ಹರಿಯುತ್ತಿದ್ದಾಗ, ಆಸ್ಪತ್ರೆಗೆ ಒಯ್ಯಬೇಕೋ ಬೇಡವೋ ಎಂದು ಅವರು ಹೂ ಹಚ್ಚಿ ಕೂತರು. ಹೂ ಬೀಳುವ ಮೊದಲೇ ಹುಡುಗಿಯ ಉಸಿರು ನಿಂತಿತು. ಕೂಸೂ ಉಳಿಯಲಿಲ್ಲ.

ಈಗ ಕಿರಿಯವಳು ಪ್ರಾಜಕ್ತಾಳ ಸರದಿ. ವಿಜ್ಞಾನದಲ್ಲಿ ಒಳ್ಳೆಯ ಅಂಕ ಬಂದಿದ್ದವು. ಗೆಳತಿಯರು ಫಾರ್ಮಸಿ, ಅಗ್ರಿ, ಬಿ.ಎಸ್ಸಿ. ಎಂದು ದಿನಕ್ಕೊಂದು ದಾರಿ ಹಿಡಿದು ಚರ್ಚಿಸುತ್ತಿದ್ದರೆ ಇವಳು ಸುಮ್ಮನೆ ಕೇಳುತ್ತಿದ್ದಳು. ಅಕ್ಕಲಕೋಟದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಶ್ರೀಲೇಖಾ ಮ್ಯಾಡಮ್ ಒಂದು ದಿನ ಕರೆದು ಕೇಳಿದರು.

"ನಿನ್ನ ಮನಸಿನಾಗ ಏನೈತಿ, ಪ್ರಾಜಕ್ತಾ?"

"ನರ್ಸಿಂಗ್ ರೀ ಮ್ಯಾಡಮ್. ಅವತ್ತ ಅಕ್ಕನ ಹಂತೇಕ ತಿಳದಾಕಿ ಒಬ್ಬಾಕಿ ಇದ್ದಿದ್ರ…" ಎಂದು ಅಷ್ಟಕ್ಕೇ ನಿಲ್ಲಿಸಿದಳು.

ಸೋಲಾಪುರದ ಒಂದು ನರ್ಸಿಂಗ್ ಕಾಲೇಜಿನ ಪ್ರವೇಶ ಪಟ್ಟಿಯಲ್ಲಿ ಹೆಸರೂ ಬಂತು. ಆದರೆ ಕೊನೆಯ ದಿನ ಅಮಾವಾಸ್ಯೆಯಂದೇ ಬಿದ್ದಿತು. ಸಂಜೆಯೊಳಗೆ ಹಾಜರಾಗದಿದ್ದರೆ ಜಾಗ ಬೇರೆಯವರಿಗೆ.

"ಚಲೋನ ಆತಲ್ಲ," ಎಂದಳು ಜನಾಬಾಯಿ. "ಅವತ್ತ ದೇವ್ರೂ ಹೇಳ್ತಾನ. ಹೂಂ ಅಂದ್ರ ಹೋಗಲಿ."

"ಏನೂ ಹೇಳಲಿಲ್ಲಂದ್ರ, ಆಯಿ?" ಪ್ರಾಜಕ್ತಾ ಅಜ್ಜಿಯನ್ನು ಕೇಳಿದಳು.

"ಮುಂದಿನ ಅಮಾಸಿ ಎಲ್ಲಿ ಹೋಗತೈತಿ?"

ಅಮಾವಾಸ್ಯೆ ಬಂತು. ಸಕ್ಕುಬಾಯಿ ಎಂದಿನಂತೆ ಹೂ ಕಿತ್ತು ತಂದುಕೊಟ್ಟಳು, ಜನಾಬಾಯಿ ಅಂಟಿಸಿದಳು. ಪ್ರಾಜಕ್ತಾ ಬ್ಯಾಗನ್ನು ಪಕ್ಕದಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಳು. ಬಿಸಿಲೇರಿತು. ಹೂಗಳು ಅಂಟಿಸಿದಲ್ಲೇ ಇದ್ದವು. ಶ್ರೀಲೇಖಾ ಮ್ಯಾಡಮ್ ತಾಳಲಾರದೆ ಸ್ಕೂಟಿ ಹತ್ತಿ ವಸ್ತಿಗೇ ಬಂದರು.

"ಅಜ್ಜಿ, ಭಂಡಾರ ಗಟ್ಟಿ ಕಲಸಿದ್ರ ಹೂ ನಿಂದರತಾವ, ತೆಳ್ಳಗ ಕಲಸಿದ್ರ ಬೀಳತಾವ. ಇದರಾಗ ಹುಡುಗಿ ಬಾಳೇವು ಎಲ್ಲಿ ಬಂತ್ರಿ?"

"ನೀವು ಕಲತವ್ರು, ಎಲ್ಲಾದಕ್ಕೂ ಒಂದ ಕಾರಣಾ ಹೇಳ್ತೀರಿ," ಜನಾಬಾಯಿ ಎಲೆ ಅಡಿಕೆ ಜಗಿಯುತ್ತ ಅಂದಳು. "ನನ್ನ ಲಗ್ನ ಹೂ ಕೇಳೇ ಆತು. ನಾ ಏನ ಕೆಟ್ಟೆ?"

"ಸೂರಜ ಸೋಲಾಪುರಕ್ಕ ಐಟಿಐ ಕಲಿಯಾಕ ಹೋದಾಗ ಹೂ ಹಚ್ಚಿದ್ರೇನು?"

ಸೂರಜ ಈ ಮನೆಯ ಮಗ, ಈಗ ಅಲ್ಲೇ ವೈರಿಂಗ್ ಕೆಲಸಕ್ಕಿದ್ದಾನೆ. ಮುದುಕಿಗೆ ಈ ಪ್ರಶ್ನೆಯೇ ವಿಚಿತ್ರ ಅನ್ನಿಸಿತು.

"ಗಂಡಸ ಮಗಗ ಏನ ಕೇಳೋದ್ ಬಾಯಿ? ಅವಾ ಎಲ್ಲಿ ಹೋದ್ರೂ ನಮ್ಮಾಂವ. ಹೆಣ್ಣ ಹಂಗಲ್ಲ. ಹೆಣ್ಣ ಹೊಸ್ತಲಾ ದಾಟಿದ್ರ ಮನಿತನದ ಮರ್ಯಾದಿನೂ ಜೋಡೀಲೆ ದಾಟತೈತಿ."

"ಹಂಗಾರ ದೇವ್ರಿಗೆ ಬರೇ ಹೆಣ್ಣಮಕ್ಕಳದ ಕೆಲಸ ಹಚ್ಚೀರಲ್ಲ?"

ಜನಾಬಾಯಿ ಮುಖ ತಿರುಗಿಸಿದಳು. ಮ್ಯಾಡಮ್ ಅಮೋಗಸಿದ್ಧನ ಕಡೆ ನೋಡಿದರು. ಅವನು ಕೆಟ್ಟ ಮನುಷ್ಯನಲ್ಲ. ಮಗಳ ಪುಸ್ತಕಗಳಿಗೆ ತಾನೇ ಹೊದಿಕೆ ಹಾಕಿಕೊಟ್ಟವನು.

"ನನಗ ಕಳಸೂ ಮನಸೈತ್ರಿ. ಆದ್ರ ನಾಳಿ ಏನಾರ ಹೆಚ್ಚುಕಮ್ಮಿ ಆದ್ರ ಮಂದಿ ನನ್ನ ಕೇಳ್ತಾರ. ಹೂ ಬಿದ್ದಿದ್ರ ಹೇಳಾಕ ಒಂದ ಮಾತರ ಇರತೈತಿ."

ಓದುಗರೇ, ಈ ಪದ್ಧತಿಯ ಬೇರು ಇಲ್ಲಿದೆ ನೋಡಿ. ನಂಬಿಕೆಗಿಂತ ಹೆಚ್ಚಾಗಿ ಹೊಣೆ ಹೊರುವ ಅಂಜಿಕೆ. ಭಕ್ತಿ ಸತ್ತಾಗಲೂ ಯಾರ ತಪ್ಪೂ ಇರಲಿಲ್ಲ, ದೇವರು ಮಾತಾಡಿರಲಿಲ್ಲ, ಅಷ್ಟೇ. ನನಗೆ ಆ ದೇವರ ಬಗ್ಗೆಯೇ ಮರುಕ ಬರುತ್ತದೆ.

ಮ್ಯಾಡಮ್ ಪ್ರಾಜಕ್ತಾಳ ಪಕ್ಕದಲ್ಲಿ ಕೂತು, "ಅಂಜಿಕಿ ಆಗೇತೇನು?" ಎಂದರು.

"ಇಲ್ರೀ. ಏನೂ ಅನಸವಲ್ದು." ಅವಳ ಕಣ್ಣು ಹೂಗಳ ಮೇಲೂ ಇರಲಿಲ್ಲ. ಹಟ್ಟಿಯ ಬೇಲಿ ನೋಡುತ್ತಿದ್ದಳು. ಅವಳ ಅವ್ವ ನೋಡುವ ಹಾಗೆಯೇ.

ಒಲೆಯ ಮುಂದಿದ್ದ ಸಕ್ಕುಬಾಯಿಗೆ ಬಾಗಿಲಿನಿಂದ ಅದು ಕಂಡಿತು.

ದೂರದ ತಿರುವಿನಲ್ಲಿ ಧೂಳೆದ್ದಿತು. ಮಧ್ಯಾಹ್ನದ ಎಸ್‌ಟಿ ಬಸ್ಸು. ಅದು ತಪ್ಪಿದರೆ ಸಂಜೆಯೊಳಗೆ ಕಾಲೇಜು ಮುಟ್ಟುವುದಾಗುತ್ತಿರಲಿಲ್ಲ.

"ಈ ಸಲನೂ ದೇವ್ರು ಮಾತಾಡಲಿಲ್ಲ," ಎಂದು ಜನಾಬಾಯಿ ಕೈ ಮುಗಿದಳು. "ಬ್ಯಾಗ ಒಳಗಿಡವ್ವಾ."

ಪ್ರಾಜಕ್ತಾ ಎದ್ದು ಬ್ಯಾಗು ಎತ್ತಿಕೊಂಡು ಮನೆಯ ಕಡೆಗೇ ಹೊರಟಳು. ಎದುರಿಗೆ ಸಕ್ಕುಬಾಯಿ ಬಂದಳು. ಹಿಟ್ಟಿನ ಕೈಯನ್ನೂ ತೊಳೆದಿರಲಿಲ್ಲ. ಮಗಳನ್ನು ದಾಟಿ ನೆಟ್ಟಗೆ ಗುಡಿಗೆ ಹೋದಳು, ಎಲ್ಲರೂ ನೋಡುತ್ತಿದ್ದಂತೆಯೇ ಬಲಗಡೆಯ ಹೂವನ್ನು ಕಿತ್ತಳು.

"ಹುಚ್ಚ ಹಿಡೀತೇನ ನಿನಗ?" ಜನಾಬಾಯಿ ಚೀರಿದಳು. "ದೇವ್ರು ಕೊಡಲಾರದ ಹೂ ಅದು!"

"ದೇವ್ರ ಕೊಡಲಿಲ್ಲ ಅತ್ತಿ, ನಾ ಕೊಟ್ಟೀನಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ರೊಟ್ಟಿಗೆ ಬಾ ಎಂದು ಕರೆಯುವಷ್ಟೇ ಸಾದಾ ದನಿ. "ಭಕ್ತಿ ಸಲುವಾಗಿ ಅವತ್ತ ಕೀಳಬೇಕಾಗಿತ್ತು. ಇಲ್ಲೇ ನಿಂತಿದ್ದೆ. ಕೈ ಮುಟ್ಟತಿತ್ತು."



"ದೇವ್ರು ಸಿಟ್ಟಾಗತಾನ," ಎಂದಳು ಮುದುಕಿ.

"ಆಗಲಿ. ನನ್ನ ಮ್ಯಾಲ ಆಗಲಿ. ಮಂದಿ ಕೇಳಿದ್ರ ಇಕೀನ ಅವ್ವ ಕಳಸ್ಯಾಳ ಅಂತ ಹೇಳ್ರಿ."

ಹೂವನ್ನು ಮಗಳ ಕೈಗಿಟ್ಟಳು. ಹಿಟ್ಟೂ ಭಂಡಾರವೂ ಪ್ರಾಜಕ್ತಾಳ ಅಂಗೈಗೆ ಮೆತ್ತಿದವು. ಅಮೋಗಸಿದ್ಧ ಒಮ್ಮೆ ತಾಯಿಯನ್ನು ನೋಡಿದ, ಒಮ್ಮೆ ಹೆಂಡತಿಯನ್ನು. ಆಮೇಲೆ ಮಗಳ ಬ್ಯಾಗು ತಾನು ತೆಗೆದುಕೊಂಡು, ಎಸ್‌ಟಿಗೆ ಕೈ ಮಾಡಲು ರಸ್ತೆಯ ಕಡೆ ಓಡಿದ. ಮ್ಯಾಡಮ್ ಹುಡುಗಿಯ ಜೊತೆಗೇ ಬಸ್ ಹತ್ತಿದರು. ಸ್ಕೂಟಿ ಬೇವಿನ ನೆರಳಿನಲ್ಲಿ ಉಳಿಯಿತು.

ಸಂಜೆ ಫೋನ್ ಬಂತು. "ಅವ್ವಾ, ಅಡ್ಮಿಷನ್ ಆತು," ಎಂದಳು ಪ್ರಾಜಕ್ತಾ. ಸಕ್ಕುಬಾಯಿ, "ಏನರ ತಿಂದೇನ?" ಎಂದು ಕೇಳಿದಳು.

ಕತ್ತಲಾಗುವ ಮುಂಚೆ ಗುಡಿಯ ಕಟ್ಟೆ ಗುಡಿಸಲು ಹೋದಳು. ದಿನವಿಡೀ ಬಿಸಿಲಿಗೆ ಭಂಡಾರ ಒಣಗಿ ಸೀಳು ಬಿಟ್ಟಿತ್ತು. ಎಡಗಡೆಯ ಹೂ ಕೆಳಗೆ ಬಿದ್ದಿತ್ತು.

ಸಕ್ಕುಬಾಯಿ ಅದನ್ನು ನೋಡಿದಳು. ಮನೆಯೊಳಗೆ ಅತ್ತೆ ಕೆಮ್ಮುತ್ತಿದ್ದಳು. ಅವಳು ಯಾರನ್ನೂ ಕರೆಯಲಿಲ್ಲ. ಬೇವಿನ ಎಲೆಗಳ ಜೊತೆ ಹೂವನ್ನೂ ಗುಡಿಸಿ ತಿಪ್ಪೆಗೆ ಹಾಕಿ, ಕೈ ತೊಳೆದುಕೊಂಡು, ಒಲೆ ಹಚ್ಚಲು ಒಳಗೆ ಹೋದಳು.