ಗುಂಡುಸೂಜಿ ಕಚ್ಚಿದ ಬಾಯಿ

ನಮ್ಮೂರಿನ ದರ್ಜಿಯಕ್ಕ ಕೊಕ್ಕರೆಯಾದದ್ದನ್ನು ಎಲ್ಲರಿಗಿಂತ ಮೊದಲು ಕಂಡವನು ನಾನು. ಎಲ್ಲರಿಗಿಂತ ತಪ್ಪಾಗಿ ತಿಳಿದವನೂ ನಾನೇ. ಉತ್ತರದ ಈ ಸಣ್ಣ ನಗರದಲ್ಲಿ, ಸರೋವರದ ದಂಡೆಗೆ ಒರಗಿಕೊಂಡು ಹಿಂದೆ ಮಂಜುಗಡ್ಡೆ ಕೂಡಿಡುತ್ತಿದ್ದ ಒಂದು ಹಳೆಯ ಗೋದಾಮಿದೆ. ಅದರ ಮುಂಭಾಗದಲ್ಲಿ ನಮ್ಮ ಹವ್ಯಾಸಿ ನಾಟಕ ಮಂಡಳಿಯ ತಾಲೀಮು. ಹಿಂಭಾಗದಲ್ಲಿ, ಎತ್ತರದ ಹಲಗೆಬೇಲಿಯೊಳಗೆ, ಗಾಯಗೊಂಡ ಕಾಡುಜೀವಿಗಳಿಗೆ ಪ್ರಾಣಿವೈದ್ಯರು ನಡೆಸುವ ಆಸರೆ. ಬೇಸಿಗೆ ಆಗಷ್ಟೇ ಕಣ್ಣುಬಿಡುತ್ತಿದ್ದ ಒಂದು ಸಂಜೆ ತಾಲೀಮಿಗೆ ಬೇಗ ಹೋಗಿದ್ದ ನಾನು, ಮಾಡಲು ಬೇರೆ ಕೆಲಸವಿಲ್ಲದೆ, ಬೇಲಿಯ ಸಂದಿಗೆ ಕಣ್ಣು ಹಚ್ಚಿದೆ. ಒಳಗೆ ಕೆಸರಿನ ಹೊಂಡದ ಪಕ್ಕದಲ್ಲಿ ಆಳೆತ್ತರದ ಒಂದು ಆಕೃತಿ: ನೆತ್ತಿಯಿಂದ ಹಿಮ್ಮಡಿಯವರೆಗೆ ಬೂದುಬಣ್ಣದ ನಿಲುವಂಗಿ, ಮುಖದ ಮೇಲೆ ಜಾಲರಿ, ಬಲಗೈ ಇರಬೇಕಾದಲ್ಲಿ ನೀಳವಾದ ಕತ್ತು, ಕತ್ತಿನ ತುದಿಗೆ ಕೊಕ್ಕು. ಅದು ಒಂದು ಕಾಲನ್ನೆತ್ತಿ, ಊರುವುದೋ ಬೇಡವೋ ಎಂದು ಕ್ಷಣಕಾಲ ಯೋಚಿಸಿ, ಊರಿ, ಕತ್ತು ಬಾಗಿಸಿ ಕೆಸರನ್ನು ಕೆದಕುತ್ತಿತ್ತು. ಎಡಪಾದ ಮಾತ್ರ ತುಸು ಹೊರಕ್ಕೆ ತಿರುಗಿ ಬೀಳುತ್ತಿತ್ತು. ನಲವತ್ತು ವರ್ಷ ಹೊಲಿಗೆಯಂತ್ರ ತುಳಿದ ಆ ಪಾದವನ್ನು ಈ ಊರಿನಲ್ಲಿ ಯಾರಾದರೂ ಗುರುತಿಸಿಯಾರು. ಓಹೋ, ಈ ವರ್ಷದ ನಾಟಕ ಹಕ್ಕಿಯದು, ಮುಖ್ಯಪಾತ್ರ ನನ್ನ ಬೆನ್ನ ಹಿಂದೆಯೇ ದರ್ಜಿಯಕ್ಕನ ಪಾಲಾಗಿದೆ ಎಂದು ನಾನು ತೀರ್ಮಾನಿಸಿಬಿಟ್ಟೆ. ಹೊಟ್ಟೆಯೊಳಗೆ ಯಾರೋ ಕೆಂಡ ಕೆದಕಿದಂತಾಯಿತು.

ಒಂದು ವಾರ ಬಾಡಿಗೆ ಕೋಣೆಯ ಬಾಗಿಲು ಹಾಕಿಕೊಂಡು, ಕನ್ನಡಿಯ ಮುಂದೆ ಕೊಕ್ಕರೆಯ ನಡಿಗೆ ಅಭ್ಯಾಸ ಮಾಡಿದೆ. ಕೆಳಗಿನ ಮನೆಯವರು ಎರಡು ಸಲ ಮೇಲೆ ಬಂದು ವಿಚಾರಿಸಿಕೊಂಡು ಹೋದರು. ಎಂಟನೆಯ ದಿನ ನಿರ್ದೇಶಕರ ಎದುರು ನಡೆದು ತೋರಿಸಿದೆ. ಅವರು ಹಗಲಿನಲ್ಲಿ ದಂತವೈದ್ಯರು, ಕನ್ನಡಕ ಸರಿಮಾಡಿಕೊಂಡು ಕೊನೆಯವರೆಗೂ ತಾಳ್ಮೆಯಿಂದ ನೋಡಿ, "ಕಾಲು ನನ್ನ ವಿಭಾಗ ಅಲ್ಲಪ್ಪ. ಹಲ್ಲಿಗೇನಾದ್ರೂ ಆದ್ರೆ ಬಾ," ಅಂದರು.

ನಾಟಕ ಹಕ್ಕಿಯದಾಗಿರಲಿಲ್ಲ. ಹಕ್ಕಿ ಮಾತ್ರ ನಿಜವಾದದ್ದೇ. ಜೌಗಿನ ಅಂಚಿನಲ್ಲಿ ವಿದ್ಯುತ್ ತಂತಿಗೆ ಬಡಿದು ತಂದೆತಾಯಿ ಎರಡೂ ಸತ್ತ ಒಂದು ಮರಿ, ಮುಷ್ಟಿಯಷ್ಟು ಗಾತ್ರದ್ದು, ಆಸರೆಯ ಪ್ರಾಣಿವೈದ್ಯರ ಕೈ ಸೇರಿತ್ತು. ಹಿಂದಿನವರು ಕ್ರೌಂಚವೆಂದು ಕರೆದ ದೊಡ್ಡ ಬೂದುಕೊಕ್ಕರೆಯ ಕುಲ ಅದು. ಮನುಷ್ಯರ ಕೈಯಲ್ಲಿ ಬೆಳೆದರೆ ಅದು ತಾನೂ ಮನುಷ್ಯನೆಂದೇ ತಿಳಿಯುತ್ತದಂತೆ. ಚಳಿಗಾಲಕ್ಕೆ ಮುಂಚೆ ಹಿಂಡು ದಕ್ಷಿಣಕ್ಕೆ ಹೊರಟಾಗ ಹೊರಡುವುದಿಲ್ಲ, ಸರೋವರ ಹೆಪ್ಪುಗಟ್ಟಿದ ಮೇಲೆ ಬದುಕುವುದೂ ಇಲ್ಲ. ಆದ್ದರಿಂದ ಅದಕ್ಕೆ ನಮ್ಮ ಮುಖ ಕಾಣಕೂಡದು, ನಮ್ಮ ದನಿ ಕೇಳಕೂಡದು. ಇದನ್ನು ಕೇಳಿದ ದರ್ಜಿಯಕ್ಕ ಮಂಡಳಿಯ ಸವೆದ ಪರದೆಯನ್ನು ಕತ್ತರಿಸಿ ಆ ನಿಲುವಂಗಿ ಹೊಲಿದರು. ಎರಡು ಮರದ ಚಮಚಗಳನ್ನು ಜೋಡಿಸಿ ಕೊಕ್ಕು ಮಾಡಿದರು. ಜೇಬಿನಲ್ಲಿ ಕೊಕ್ಕರೆಯ ಗುಟುರನ್ನು ನುಡಿಸುವ ಒಂದು ಪುಟ್ಟ ಯಂತ್ರ. ಬಕಧ್ಯಾನವೆಂದರೆ ಕಪಟವೆಂದು ನಾವು ಆಡಿಕೊಳ್ಳುತ್ತೇವಲ್ಲ, ಇಷ್ಟು ನಿಷ್ಕಪಟವಾದ ಬಕವೇಷವನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಂಡಷ್ಟೂ ಉರಿ ಹೆಚ್ಚಿತು. ಯಾಕೆಂದರೆ ನಡಿಗೆ ನಿಜಕ್ಕೂ ಚೆನ್ನಾಗಿತ್ತು, ನನ್ನದಕ್ಕಿಂತ.

ನನ್ನ ಬಗ್ಗೆ ಎರಡು ಮಾತು ಹೇಳದಿದ್ದರೆ ಈ ಉರಿಯ ಮೂಲ ತಿಳಿಯದು. ನಾನು ಬಸ್‌ ನಿಲ್ದಾಣದ ಪ್ರಕಟಣೆಕಾರ. "ಪ್ರಯಾಣಿಕರ ಗಮನಕ್ಕೆ" ಎಂದು ದಿನಕ್ಕೆ ನೂರು ಸಲ, ಗಾಜಿನ ಗೂಡಿನಲ್ಲಿ ಕುಳಿತು, ಗಂಭೀರ ಕಂಠದಲ್ಲಿ ನುಡಿಯುತ್ತೇನೆ, ಪ್ರಯಾಣಿಕರು ಗಮನಿಸದೆ ಬಂದು ಕಿಟಕಿ ತಟ್ಟಿ, "ಬಸ್ ಎಷ್ಟೊತ್ತಿಗೆ?" ಎಂದು ಕೇಳುತ್ತಾರೆ. ಮಂಡಳಿಯಲ್ಲಿ ಆರು ವರ್ಷದಿಂದ ನಾನು ದ್ವಾರಪಾಲಕ. ದೇವರು ಕೊಟ್ಟ ಕಂಠ ಒಂದಿದೆ, ಊರು ಕೊಟ್ಟ ಕಿವಿ ಒಂದೂ ಇಲ್ಲ ಎಂಬ ಕೊರಗಿನಲ್ಲಿ ನನ್ನ ಯೌವನ ಸವೆಯುತ್ತಿತ್ತು.

ದರ್ಜಿಯಕ್ಕನಿಗೋ, ಬಾಯಿ ತೆರೆಯುವ ಅಗತ್ಯವೇ ಇರಲಿಲ್ಲ. ಎಚ್ಚರವಿದ್ದಷ್ಟು ಹೊತ್ತೂ ತುಟಿಗಳ ನಡುವೆ ನಾಲ್ಕೈದು ಗುಂಡುಸೂಜಿ. ಹೀಗಾಗಿ ಅವರ ಭಾಷೆಯೆಂದರೆ "ಹ್ಞೂಂ", "ಊಹ್ಞೂಂ", ಮತ್ತು ಸೂಜಿ ಬೀಳದಂತೆ ಹಲ್ಲಿನ ಸಂದಿಯಿಂದ ನುಸುಳುವ ಗಿಡ್ಡ ವಾಕ್ಯಗಳು. ಅತಿ ಗಹನವಾದ ಸಂಗತಿಯಿದ್ದರೆ ಮಾತ್ರ ಸೂಜಿಗಳನ್ನು ಒಂದೊಂದಾಗಿ ತೆಗೆದು ಕಾಲರಿಗೆ ಚುಚ್ಚಿಕೊಳ್ಳುವರು. ಅದನ್ನು ಕಂಡವರು ಊರಿನಲ್ಲಿ ವಿರಳ. ಇಡೀ ಊರಿನ ಕೋಟುಗಳನ್ನು ರಿಪೇರಿ ಮಾಡುವ ಅವರ ಕೋಟಿಗೆ ಮೂರು ಬೇರೆಬೇರೆ ಗುಂಡಿ, ನಾಲ್ಕನೆಯದರ ಜಾಗದಲ್ಲಿ ಪಿನ್ನು. "ಅಕ್ಕಾ, ದೀಪದ ಬುಡ ಕತ್ತಲೆ ಅಂತಾರೆ," ಎಂದು ನಾನು ಚುಡಾಯಿಸಿದರೆ, "ಬೆಳಕು ನಿಂಗೆ ಬೀಳ್ತಿದ್ಯಲ್ಲ, ಸಾಕು," ಎನ್ನುವರು. ಪ್ರತಿವರ್ಷ ನಾಟಕ ಮುಗಿದು ನಾವೆಲ್ಲ ಸಾಲಾಗಿ ನಿಂತು ತಲೆಬಾಗುವಾಗ ಅವರು ಪರದೆಯ ಹಿಂದೆ ಯಾರದೋ ಹರಿದ ಅಂಚಿಗೆ ಟಾಕು ಹಾಕುತ್ತಿರುತ್ತಾರೆ. ಜನ ಚಪ್ಪಾಳೆ ನಿಲ್ಲಿಸದೆ ಅವರ ಹೆಸರು ಹಿಡಿದು ಕೂಗುತ್ತಾರೆ. ಅವರು ಬರುವುದಿಲ್ಲ. ಬಂದು ನಿಂತ ನಮ್ಮನ್ನು ಯಾರೂ ಕೂಗುವುದಿಲ್ಲ.

ಮರಿ ಬಂದ ಮೇಲಂತೂ ಕೇಳುವುದೇ ಬೇಡ. ಮೀನಿನಂಗಡಿಯವನು ಸಣ್ಣ ಮೀನುಗಳನ್ನು ಅವರಿಗೆಂದೇ ಎತ್ತಿಡುವನು. ಶಾಲೆಯ ಮಕ್ಕಳು ಎರೆಹುಳುಗಳನ್ನು ಡಬ್ಬಿಯಲ್ಲಿ ತುಂಬಿ ಅಂಗಡಿಯ ಮೆಟ್ಟಿಲ ಮೇಲಿಟ್ಟು ಹೋಗುವರು. ನನ್ನ ಗಾಜಿನ ಕಿಟಕಿ ತಟ್ಟುವವರೂ ಬಸ್ಸಿನ ಸಮಯ ಬಿಟ್ಟು, "ದರ್ಜಿಯಕ್ಕನ ಮರಿ ಹೇಗಿದೆಯಂತೆ?" ಎಂದು ಕೇಳತೊಡಗಿದರು.

ಒಂದು ದಿನ ಅವರು ನನ್ನನ್ನು ಅಂಗಡಿಗೆ ಕರೆದು, ಗೋಡೆಗೆ ನಿಲ್ಲಿಸಿ, ಟೇಪು ಹಿಡಿದರು. ಮರಿ ದಿನಕ್ಕೆ ಹತ್ತು ಸಲ ಉಣ್ಣುತ್ತದೆ, ಒಬ್ಬರಿಗೇ ಆಗದು, ಎರಡನೆಯ ತಾಯಿ ಬೇಕು. ಕೊನೆಗೂ ನನ್ನ ಪ್ರತಿಭೆಯನ್ನು ಗುರುತಿಸಿದರಲ್ಲ ಎಂದು ನಾನು ಕತ್ತು ಕೊಂಕಿಸಿ ಭಾವಾಭಿನಯಕ್ಕೆ ತೊಡಗಿದೆ.

"ಅಭಿನಯ ಬೇಡ," ಎಂದರು ಸೂಜಿಗಳ ನಡುವಿನಿಂದ. "ಎತ್ತರ ಸರಿಯಾಗಿದೆ. ಅಷ್ಟೇ. ಬಾಯಿ ಮಾತ್ರ ಬಿಡಬೇಡ."

ಬೆಳಗಿನ ಪಾಳಿ ನನ್ನದಾಯಿತು. ಜಾಲರಿಯ ಹಿಂದೆ ಉಸಿರುಗಟ್ಟುತ್ತಿತ್ತು, ಚಮಚದ ಕೊಕ್ಕಿನಿಂದ ಹುಳು ಜಾರುತ್ತಿತ್ತು. ಆದರೆ ಆ ಮರಿ ನನ್ನ ನೆರಳಿನಲ್ಲಿ ನಡೆಯುತ್ತಿತ್ತು. ನನ್ನನ್ನಲ್ಲ, ಅಂಗಿಯನ್ನು ನಂಬಿ ನಡೆಯುತ್ತಿತ್ತು ಎಂಬುದೇ ನನಗೆ ಚುಚ್ಚಿತು. ನಾನು ಉಣಿಸಿದರೂ ಹೆಸರು ಬರುವುದು ಅಕ್ಕನ ಹೊಲಿಗೆಗೆ. ಮೂರನೆಯ ವಾರ, ಸುತ್ತ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಗಂಟಲು ಸರಿಮಾಡಿ, ನನ್ನ ಅತ್ಯುತ್ತಮ ಕಂಠದಲ್ಲಿ ಮೆಲ್ಲಗೆ ಅಂದೆ: "ಪ್ರಯಾಣಿಕರ ಗಮನಕ್ಕೆ."

ಮರಿ ತಲೆಯೆತ್ತಿತು. ಒಂದು ಕಣ್ಣಿನಿಂದ ನೋಡಿತು, ಕತ್ತು ಹೊರಳಿಸಿ ಇನ್ನೊಂದರಿಂದಲೂ ನೋಡಿತು. ಆರು ವರ್ಷಗಳಿಂದ ನಾನು ಈ ಊರಿನ ಗಮನ ಬೇಡುತ್ತಿದ್ದೇನೆ; ಕೊಟ್ಟದ್ದು ಅದೊಂದೇ.

ಆಮೇಲೆ ಚಟವಾಯಿತು.

ಬೇಸಿಗೆ ಕಳೆದು, ಮರಿ ನನ್ನ ಭುಜದೆತ್ತರಕ್ಕೆ ಬೆಳೆದು, ಬೇಲಿ ದಾಟಿ ಸರೋವರದ ಮೇಲೆ ಹಾರತೊಡಗಿತು. ದೂರದ ಜೌಗಿನಲ್ಲಿ ಕಾಡುಕೊಕ್ಕರೆಗಳು ಹಿಂಡುಗಟ್ಟುತ್ತಿದ್ದವು. ಇನ್ನು ಮೂರು ವಾರದಲ್ಲಿ ಹೊರಡುತ್ತವೆ, ಇದೂ ಹೋದರೆ ಗೆದ್ದೆವು, ಉಳಿದರೆ ಸತ್ತಂತೆ ಎಂದು ವೈದ್ಯರು ದಿನ ಎಣಿಸುತ್ತಿದ್ದರು. ಅಂಥದೊಂದು ಮಧ್ಯಾಹ್ನ, ಮೂರನೆಯ ಅಂಕಣದ ಬಸ್ಸಿಗೆ ನಾನು ಪ್ರಯಾಣಿಕರ ಗಮನ ಸೆಳೆಯುತ್ತಿದ್ದಾಗ, ಆಕಾಶದಿಂದ ನಮ್ಮ ಕೊಕ್ಕರೆ ಇಳಿದು ಬಂದು ಧ್ವನಿವರ್ಧಕದ ಕೆಳಗೆ ಒಂಟಿಕಾಲಿನಲ್ಲಿ ನಿಂತಿತು. ಮೈಮರೆತು ಹೊರಗೆ ಓಡಿದೆ. "ಏನೋ ಪುಟ್ಟಾ," ಎಂದದ್ದೇ ತಡ, ಅದು ಎರಡೂ ರೆಕ್ಕೆ ಅಗಲಿಸಿ, ನೂರು ಜನರ ನಡುವೆ, ನನ್ನ ಕಡೆ, ನನ್ನೊಬ್ಬನ ಕಡೆ, ಓಡಿ ಬಂತು. ಆ ಕ್ಷಣದ ಸುಖವನ್ನು ಸುಳ್ಳೆನ್ನಲಾರೆ.

ಅಕ್ಕನ ಅಂಗಡಿ ನಿಲ್ದಾಣದ ಎದುರಿಗೇ. ಕೊರಳಲ್ಲಿ ಟೇಪು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ರಸ್ತೆ ದಾಟಿ ಬಂದರು. ಬಾಯಿಂದ ಸೂಜಿಗಳನ್ನು ತೆಗೆದು, ಒಂದು, ಎರಡು, ಮೂರು, ನಾಲ್ಕು, ಕಾಲರಿಗೆ ಚುಚ್ಚಿಕೊಂಡರು.

"ಮಾತಾಡಿದ್ಯಾ?" ದನಿ ನನಗಷ್ಟೇ ಕೇಳುವಂತಿತ್ತು.

"ಒಂದ್ಸಲ ಅಕ್ಕಾ."

"ಸರಿಯಾಗಿ ಅಳತೆ ಹೇಳು."

"ದಿನಾ."

ಅವರು ತಿರುಗಿ ಹೋಗಿ, ನಿಲುವಂಗಿ ತೊಟ್ಟು ಬಂದು, ನಿಲ್ದಾಣದ ನಟ್ಟನಡುವೆ ಒಂದು ಕಾಲನ್ನೆತ್ತಿ, ಯೋಚಿಸಿ, ಊರಿದರು. ಡ್ರೈವರುಗಳು ತಾವಾಗಿಯೇ ಎಂಜಿನ್ ಆರಿಸಿದರು. ತಾಯಂದಿರು ಮಕ್ಕಳ ಬಾಯಿ ಮುಚ್ಚಿದರು. ನನ್ನ ಯಾವ ಪ್ರಕಟಣೆಗೂ ದಕ್ಕದಿದ್ದ ಆ ನಿಶ್ಶಬ್ದದೊಳಗೆ ಬೂದು ತಾಯಿ ಮುಂದೆ, ಬೂದು ಮರಿ ಹಿಂದೆ, ಸರೋವರದ ದಾರಿ ಹಿಡಿದು ಹೋದವು. ಇಷ್ಟಾದರೂ ನನಗನ್ನಿಸಿದ್ದೇನು ಗೊತ್ತೆ? ಅದು ನನ್ನನ್ನು ಬಿಟ್ಟು ಅವರ ಹಿಂದೆ ಹೋಯಿತಲ್ಲ ಎಂದು.

ಮರುದಿನ ನಾನು ಕ್ಷಮೆ ಕೇಳುವ ಭಾಷಣವನ್ನು ಬಾಯಿಪಾಠ ಮಾಡಿಕೊಂಡು ಅಂಗಡಿಗೆ ಹೋದೆ. ಅವರು ಎರಡನೆಯ ವಾಕ್ಯಕ್ಕೇ ಕೈಯೆತ್ತಿದರು.

"ನಿಂಗೊಂದು ಪಾರ್ಟ್ ಇದೆ, ಹೀರೋ."

"ಯಾವ್ದಕ್ಕಾ?"

"ಖಳನದು."

"ಮಾತು?"

"ನಿನ್ನ ಹತ್ರಾನೇ ಇದ್ಯಲ್ಲ. ಅದನ್ನೇ ಹೇಳು. ಹೇಳ್ತಾ ತಟ್ಟೆ ಬಡಿ. ಅದು ಮನುಷ್ಯರಿಗೆ ಹೆದರ್ಬೇಕು."

ಕೆಂಪು ರೇನ್‌ಕೋಟು, ಮುಖಕ್ಕೆ ಮರೆಯಿಲ್ಲ, ಕೈಯಲ್ಲಿ ತಗಡಿನ ತಟ್ಟೆ. ಮೊದಲ ದಿನ "ಪ್ರಯಾಣಿಕರ ಗಮನಕ್ಕೆ" ಎಂದು ಗರ್ಜಿಸಿದಾಗ ಮರಿ ಅದನ್ನು ಆಟವೆಂದು ತಿಳಿದು ಕುಣಿಯುತ್ತ ಹತ್ತಿರ ಬಂತು. ತಟ್ಟೆ ಬಡಿದೆ, ನೀರು ಎರಚಿದೆ, ಬೆನ್ನಟ್ಟಿದೆ. ಅದು ನಿಂತು ನನ್ನನ್ನು ಒಂದು ಕಣ್ಣಿನಿಂದ ನೋಡಿತು, ಕತ್ತು ಹೊರಳಿಸಿ ಇನ್ನೊಂದರಿಂದಲೂ ನೋಡಿತು. ಆಮೇಲೆ ಓಡಿಹೋಗಿ ಅಕ್ಕನ ನಿಲುವಂಗಿಯ ಮರೆಗೆ ಸೇರಿತು. ಹನ್ನೊಂದು ದಿನ ಹೀಗೆ. ಕೊನೆಗೆ ನಾನು "ಪ್ರ" ಎನ್ನುವಷ್ಟರಲ್ಲಿ ಅದು ಗಗನಕ್ಕೇರುತ್ತಿತ್ತು. ಆರು ವರ್ಷದಲ್ಲಿ ನನ್ನಿಂದ ನಡೆದ ಏಕೈಕ ಯಶಸ್ವೀ ಅಭಿನಯ, ನೋಡಿದವರು ಇಬ್ಬರೇ.

ಹಿಂಡು ಹೊರಡುವ ಬೆಳಿಗ್ಗೆ ಜೌಗಿನ ಮೇಲೆ ಮೊದಲ ಹಿಮಗಾಳಿ ಬೀಸುತ್ತಿತ್ತು. ನಮ್ಮದು ಅಂಚಿನಲ್ಲಿ ನಿಂತು ಅತ್ತ ಹಿಂಡನ್ನೂ ಇತ್ತ ದಂಡೆಯನ್ನೂ ನೋಡುತ್ತ, ಬೂದು ಅಂಗಿಯನ್ನು ಹುಡುಕುತ್ತಿತ್ತು. ಅಕ್ಕ ಅಂದು ಅಂಗಿ ತೊಟ್ಟಿರಲಿಲ್ಲ. ಅದನ್ನು ಮಡಚಿ ಎದೆಯಡಿಯಲ್ಲಿಟ್ಟುಕೊಂಡು, ಆ ಬೇರೆಬೇರೆ ಗುಂಡಿಯ ಕೋಟಿನಲ್ಲಿ, ಜೊಂಡಿನ ಹಿಂದೆ ಒದ್ದೆ ನೆಲದ ಮೇಲೆ ಬೋರಲಾಗಿ ಮಲಗಿದ್ದರು. ನನ್ನ ಕಡೆ ನೋಡಿ ಗದ್ದದಿಂದ ಸನ್ನೆ ಮಾಡಿದರು. ನಾನು ಎದ್ದು ನಿಂತು, ಇದ್ದಷ್ಟೂ ಕಂಠವನ್ನು ಸುರಿದು ಪ್ರಯಾಣಿಕರ ಗಮನ ಸೆಳೆದೆ. ಈ ಸಲ ಪ್ರಯಾಣಿಕ ನಿಜವಾಗಿಯೂ ಹೊರಟ. ಓಡಿತು, ಎದ್ದಿತು, ಹಿಂಡಿನ ಸಾಲಿನ ಬಾಲದಲ್ಲಿ ಒಂದು ಚುಕ್ಕೆಯಾಗಿ ಸೇರಿತು. ಅಕ್ಕ ಎದ್ದು ಮೊಣಕಾಲಿನ ಕೆಸರು ಒರೆಸಿಕೊಂಡು, "ಅಂಗಡಿ ತೆಗೀಬೇಕು," ಎಂದು ನಡೆದರು.

ಒಳಹೊಲಿಗೆಯಂಥ ಜನ ಎಂದು ನಾನು ಇಂಥವರನ್ನು ಕುರಿತು ಆ ಚಳಿಗಾಲದಲ್ಲಿ ಬರೆದಿಟ್ಟುಕೊಂಡೆ. ಇಡೀ ಬಟ್ಟೆಯನ್ನು ಹಿಡಿದು ನಿಲ್ಲಿಸುವವರು, ಬಟ್ಟೆ ತಿರುವಿ ನೋಡಿದರೆ ಮಾತ್ರ ಕಾಣುವವರು. ಮರೆವೇ ಇವರಿಗೆ ಸಲ್ಲುವ ಸನ್ಮಾನ, ನೆನಪಿಟ್ಟುಕೊಂಡರೆ ಅವರ ಕೆಲಸ ಕೆಟ್ಟಂತೆ. ಇಂಥವರ ಹೊಟ್ಟೆಯಲ್ಲಿ ನಮ್ಮಂಥವರ ಕಿಚ್ಚಿಗೆ ಜಾಗವಿರುವುದಿಲ್ಲ ಎಂದೂ ಸೇರಿಸಿದೆ. ವಾಕ್ಯ ಚೆನ್ನಾಗಿ ಬಂದಿತ್ತು, ಅಷ್ಟಕ್ಕೇ ಬಿಡಬಹುದಿತ್ತು.

ಆದರೆ ಹೊಸ ನಾಟಕದ ದ್ವಾರಪಾಲಕನ ಅಂಗಿಗೆ ಅವರು ನನ್ನ ಕಂಕುಳಲ್ಲಿ ಸೂಜಿ ಚುಚ್ಚುತ್ತಿದ್ದಾಗ ಬಾಯಿ ತಡೆಯಲಿಲ್ಲ. "ಅಕ್ಕಾ, ನಿಮ್ಮನ್ನ ಕಂಡ್ರೆ ನಂಗೆ ಎಷ್ಟು ಹೊಟ್ಟೆಕಿಚ್ಚು ಅಂತ ಊರಿಗೇ ಗೊತ್ತು. ನಿಮಗೆ ಯಾವತ್ತಾದ್ರೂ ಯಾರನ್ನಾದ್ರೂ ಕಂಡು ಆಗಿದ್ಯಾ?"

ಕೈ ನಿಂತಿತು. ಸೂಜಿಗಳು ಒಂದೊಂದಾಗಿ ಬಾಯಿಂದ ಕಾಲರಿಗೆ ಹೋದವು.

"ಒಂದೇ ಸಲ," ಎಂದರು. "ಅದು ನಿನ್ನ ಕಡೆ ಓಡಿ ಬಂತಲ್ಲ, ಬಸ್‌ಸ್ಟ್ಯಾಂಡಲ್ಲಿ. ಮೂರು ತಿಂಗಳು ಸಾಕಿದ್ದು ನಾನು. ನಿನ್ನ ಕತ್ತು ಹಿಸುಕ್ಬೇಕು ಅನ್ನಿಸ್ತು. ತೋಳೆತ್ತು, ನೆಟ್ಟಗೆ ನಿಂತ್ಕೋ."